ಹುತ್ತದ ಬುಡದ ಜಾಯಿಂಟ್

ಆ ಹುತ್ತ ಅಲ್ಲಿರದಿದ್ದರೆ ನನ್ನ ಕೇಬಲ್ ಸಾಲುತ್ತಿತ್ತು. ಬಹಳ ದಿನ ನಾನು ನನಗೇ ಹೀಗೆ ಹೇಳಿಕೊಂಡು ತಿರುಗಿದೆ. ಹುತ್ತ ಬಾಯಿ ಬಿಟ್ಟು ಎದುರು ಮಾತಾಡುವುದಿಲ್ಲವಲ್ಲ, ಅದರ ಮೇಲೆ ಏನು ಹೊರಿಸಿದರೂ ನಡೆಯುತ್ತದೆ.

ಹದಿನಾಲ್ಕು ವರ್ಷ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ವೈರಿಂಗ್ ಕೆಲಸ ಮಾಡಿದವನು. ಪರೀಕ್ಷೆ ಪಾಸಾಗಿ, ಕಚೇರಿಗೆ ಅಲೆದು ಚಪ್ಪಲಿ ಸವೆಸಿ, ಕೊನೆಗೊಮ್ಮೆ ನನ್ನದೇ ಹೆಸರಿನಲ್ಲಿ ಕಂಟ್ರಾಕ್ಟರ್ ಲೈಸೆನ್ಸ್ ಬಂದಾಗ ಹೆಂಡತಿ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ನನ್ನ ಕಾಲು ಮಾತ್ರ ಅಂದಿನಿಂದ ನೆಲಕ್ಕೆ ತಾಗುವುದನ್ನೇ ಬಿಟ್ಟಿತು. ಹೊಸ ಬ್ಯಾಗು, ಹೊಸ ಬೂಟು, ಐವತ್ತು ಮೀಟರಿನ ಹೊಸ ಟೇಪು. ಉಸ್ತಾದರು ಟೇಪು ಮುಟ್ಟಿದ್ದನ್ನು ನಾನು ನೋಡಿಲ್ಲ. ಅವರು ಎರಡೂ ಕೈ ಚಾಚಿ ಮಾರು ಹಾಕಿಯೇ ಕೇಬಲ್ ಅಳೆಯುವವರು. ಲೆಕ್ಕ ಮುಗಿದ ಮೇಲೆ ಸುಮ್ಮನೆ ಮೂರು ಮಾರು ಸೇರಿಸುವರು. ಆ ಹೆಚ್ಚಿನದನ್ನು ಎರಡೂ ತುದಿಯ ಗುಂಡಿಯಲ್ಲಿ ಸುರುಳಿ ಸುತ್ತಿ ಹೂಳುವರು. "ಜಮೀನಿಗೆ ಅದರ ಹಿಸ್ಸಾ ಬಿಡಬೇಕಪ್ಪಾ," ಎಂಬುದು ಅವರ ಮಾತು. ಇಷ್ಟು ದುಬಾರಿ ಮಾಲನ್ನು ಮಣ್ಣಿಗೆ ತಿನ್ನಿಸುವುದು ಹಳೆಯ ಕಾಲದವರ ಹುಚ್ಚು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಮೊದಲ ಸ್ವಂತ ಕೆಲಸ ಸಿಕ್ಕಿದ್ದು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ. ಅಂಗಳದ ಆಚೆ ತುದಿಗೆ ಹೊಸ ಶೆಡ್ಡು ಎಬ್ಬಿಸಿ, ಅಕ್ಕಿಯೊಳಗಿನ ಕಪ್ಪು ಕಾಳನ್ನು ಆರಿಸಿ ಉದುರಿಸುವ ಮಿಷನ್ ತಂದು ಕೂರಿಸಿದ್ದರು. ಆಫೀಸಿನ ಪಕ್ಕದ ಮೇನ್ ಪ್ಯಾನಲ್ಲಿನಿಂದ ನೆಲದೊಳಗೆ ಪೈಪು ಹಾಕಿ, ಪೈಪಿನಲ್ಲಿ ಕೇಬಲ್ ಎಳೆದು, ಆ ಶೆಡ್ಡಿನಲ್ಲಿ ಒಂದು ಸಬ್ ಪ್ಯಾನಲ್ ಕೂರಿಸಿ ಕೊಡುವುದು ನನ್ನ ಕೆಲಸ. ಮಿಲ್ಲಿನ ಸಾವ್ಕಾರರು ಮಾತು ಕಡಿಮೆಯ ಮನುಷ್ಯ. ಸಿಟ್ಟು ಬಂದರೆ ಮಾತ್ರ ಕನ್ನಡ ಬಿಟ್ಟು ತೆಲುಗಿಗೆ ಇಳಿಯುವರು. ನಾನು ಟೇಪು ಹಿಡಿದು ನೇರವಾಗಿ ಅಳೆದೆ. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಅಷ್ಟೇ ಉದ್ದಕ್ಕೆ, ಎರಡೂ ಕಡೆ ಗೋಡೆ ಏರಿಸಲು ಬೇಕಾದಷ್ಟನ್ನು ಮಾತ್ರ ಸೇರಿಸಿ, ಕೇಬಲ್ ಕತ್ತರಿಸಿ ತಂದೆ. ಒಂದು ಗೇಣೂ ಪೋಲಾಗದಂತೆ ತಂದಿದ್ದೇನೆ ಎಂದು ಬೀಗುತ್ತಿದ್ದೆ.

ಪೈಪಿಗಾಗಿ ಸೊಂಟದಾಳದ ಕಾಲುವೆ ತೋಡುತ್ತಿದ್ದೆವು. ಭತ್ತ ಒಣಗಿಸುವ ಸಿಮೆಂಟಿನ ಕಣದ ಅಂಚಿಗೆ, ಬೇವಿನ ಗಿಡದ ಪಕ್ಕ, ಎದೆಯೆತ್ತರದ ಒಂದು ಹುತ್ತ. ಅದರ ಬದಿಯನ್ನು ಸ್ವಲ್ಪ ಕೆತ್ತಿ ನೇರ ಹೋಗುವುದು ನನ್ನ ಲೆಕ್ಕ. ಅಷ್ಟರಲ್ಲಿ ಮಿಲ್ಲು ಗುಡಿಸುವ ಮುದುಕಿ ಕೈಯಲ್ಲಿ ಕಸಬರಿಗೆ ಹಿಡಿದೇ ಬಂದು ಅಡ್ಡ ನಿಂತಳು. ಇಲ್ಲಿ ನಾಗಪ್ಪ ಇದ್ದಾನೆ, ಹಾರೆ ಹಾಕಬೇಡ ಎಂದಳು. ನಾನು ಏನೋ ಒರಟಾಗಿ ಅಂದೆ. ನನ್ನ ಮಾತು ಮುಗಿಯುವುದರೊಳಗೆ ಆಳುಗಳು ಗುದ್ದಲಿ ಕೆಳಗಿಟ್ಟಿದ್ದರು. ಸಾವ್ಕಾರರೂ ಸುತ್ತು ಹಾಕಿಕೊಂಡೇ ಹೋಗು ಎಂದುಬಿಟ್ಟರು.

ಮುದುಕಿ ತಿರುಗಿ ಹೊರಟಾಗ, ನಾನು ಕತ್ತರಿಸಿ ಎಸೆದಿದ್ದ ತಂತಿಯ ತುಂಡೊಂದು ಅವಳ ಅಂಗಾಲಿಗೆ ಚುಚ್ಚಿಕೊಂಡದ್ದು ಕಂಡಿತು. ಹೆಜ್ಜೆ ಹೆಜ್ಜೆಗೂ ರಕ್ತದ ಗುರುತು ಬೀಳುತ್ತಿತ್ತು, ಅವಳಿಗೆ ಅದರ ಅರಿವೇ ಇರಲಿಲ್ಲ. ನಾನು ಕೂಗಿ ಹೇಳಿದ ಮೇಲೆ ಬಗ್ಗಿ ಕಿತ್ತಳು. ಶುಗರ್ ಬಂದು ಎರಡೂ ಕಾಲು ಸತ್ತಿವೆ, ತನಗೆ ಮುಳ್ಳೂ ಒಂದೇ ಮಣ್ಣೂ ಒಂದೇ ಎಂದು ನಕ್ಕು ಗುಡಿಸಲು ಹೋದಳು.

ಹುತ್ತವನ್ನು ಬಳಸಿ ಹೋದದ್ದರಿಂದ ಕೇಬಲ್ ಕಡಿಮೆ ಬಿತ್ತು. ಗುರುವಾರ ಸಂಜೆ ಎಳೆದು ನೋಡಿದರೆ ಸಬ್ ಪ್ಯಾನಲ್ಲಿಗೆ ಇನ್ನೂ ಎರಡು ಮಾರು ದೂರ ಇರುವಾಗಲೇ ಅದು ಮುಗಿದಿತ್ತು. ಮರುದಿನ ಶುಕ್ರವಾರ, ಹತ್ತೂವರೆಗೆ ರಾಹುಕಾಲ ಹಿಡಿಯುವ ಮೊದಲೇ ಮಿಷನ್ ಶುರುವಾಗಬೇಕೆಂದು ಸಾವ್ಕಾರರು ಮುಹೂರ್ತ ಇಡಿಸಿದ್ದರು. ಬೀಗರಿಗೆಲ್ಲ ಹೇಳಿ ಕಳಿಸಿದ್ದರು. ಹೊಸ ಕೇಬಲ್ ಬೇಕೆಂದರೆ ಬಳ್ಳಾರಿಗೆ ಹೋಗಿ ಬರಬೇಕು, ಹಾಕಿದ್ದನ್ನು ಕಿತ್ತು ಮತ್ತೆ ಎಳೆಯಬೇಕು. ಅದಕ್ಕಿಂತ ಹೆಚ್ಚಾಗಿ, ಮೊದಲ ಕೆಲಸದಲ್ಲೇ ಅಳತೆ ತಪ್ಪಿದೆ ಎಂದು ಬಾಯಿ ಬಿಟ್ಟು ಹೇಳಬೇಕು. ಅದು ನನ್ನಿಂದ ಆಗಲಿಲ್ಲ.

ಮಿಲ್ಲಿನ ಗೋದಾಮಿನಲ್ಲಿ ಅದೇ ದಪ್ಪದ ಹಳೆಯ ಕೇಬಲಿನ ಉದ್ದ ತುಂಡು ಬಿದ್ದಿತ್ತು. ಅದನ್ನು ಜೋಡಿಸಿದೆ. ನೆಲದೊಳಗೆ ಜಾಯಿಂಟ್ ಇಡಬಾರದು, ಇಡಲೇಬೇಕೆಂದರೆ ಅದಕ್ಕೆ ನೀರು ಹೋಗದಂತೆ ಅಚ್ಚು ಹಾಕಿ ಮುಚ್ಚುವ ಸಾಮಾನೇ ಬೇರೆ ಇದೆ. ಆ ಸಾಮಾನು ನನ್ನ ಹತ್ತಿರ ಇರಲಿಲ್ಲ. ಕೈ ಮುರಿದವನಿಗೆ ಬಟ್ಟೆ ಸುತ್ತಿದ ಹಾಗೆ ಕಪ್ಪು ಟೇಪಿನ ಮೇಲೆ ಟೇಪು ಸುತ್ತಿದೆ. ಆ ಗಂಟು ಪೈಪಿನಲ್ಲಿ ತೂರುವಂತಿರಲಿಲ್ಲ. ಮುಂದೆ ಶೆಡ್ಡಿನವರೆಗೂ ಕಣ ಹಾಕುವಾಗಲೇ ಸಿಮೆಂಟಿನಡಿ ಹೂತಿದ್ದ ಪೈಪು, ಅಲ್ಲಿ ಒಡೆಯುವ ಹಾಗಿಲ್ಲ. ಉಳಿದದ್ದು ಹುತ್ತದ ಬುಡವೊಂದೇ. ಕೇಬಲನ್ನು ಅಲ್ಲಿಯವರೆಗೆ ಹಿಂದಕ್ಕೆಳೆದು, ಒಂದು ಮೊಳದಷ್ಟು ಪೈಪು ಬಿಟ್ಟು, ಗಂಟನ್ನು ಬರಿ ಮಣ್ಣಿನಲ್ಲಿ ಮಲಗಿಸಿ, ಮೇಲೆ ನಾಲ್ಕು ಇಟ್ಟಿಗೆ ಇಟ್ಟು ಮುಚ್ಚಿದೆ.

ಕೇಬಲಿನ ಮೈಯಿಂದ ಕರೆಂಟು ಸೋರುತ್ತದೋ ಎಂದು ನೋಡುವ ಮೆಗ್ಗರ್ ಉಸ್ತಾದರ ಹತ್ತಿರ ಇತ್ತು. ಒಂದು ಫೋನು ಮಾಡಿದ್ದರೆ ಬೆಳಗಿನ ಬಸ್ಸಿಗೇ ಹಿಡಿದುಕೊಂಡು ಬರುತ್ತಿದ್ದರು. ಆದರೆ ಬಂದವರು ಕೇಳುವ ಮೊದಲ ಮಾತೇ ಹಿಸ್ಸಾ ಎಷ್ಟು ಬಿಟ್ಟೆ ಎಂದಿರುತ್ತಿತ್ತು. ನಾನು ಫೋನು ಮಾಡಲಿಲ್ಲ. ನೆಲಕ್ಕೆ ಕರೆಂಟು ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್ಚನ್ನು ಮೇನ್ ಪ್ಯಾನಲ್ಲಿಗೆ ಹಾಕಿಸಿ ಎಂದು ಮೊದಲು ಹೇಳಿದ್ದೆ. ಸಾವ್ಕಾರರು ಮುಂದೆ ನೋಡೋಣ ಎಂದಾಗ ಅದನ್ನೂ ಒತ್ತಿ ಹೇಳದೆ ಬಿಟ್ಟೆ.

ಶುಕ್ರವಾರ ತೆಂಗಿನಕಾಯಿ ಒಡೆದು ಸ್ವಿಚ್ ಹಾಕಿದರು. ಮಿಷನ್ ಗುಂಯ್ ಎಂದು ತಿರುಗಿತು, ಬೆಳ್ಳಗಿನ ಅಕ್ಕಿ ಒಂದು ಕಡೆ, ಕಪ್ಪು ಕಾಳು ಒಂದು ಕಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾವ್ಕಾರರಿಗೆ ಕೊಟ್ಟ ನಕ್ಷೆಯಲ್ಲಿ ಕೇಬಲಿನ ಕೆಂಪು ಗೆರೆ ಹುತ್ತದ ಹತ್ತಿರ ಚಂದವಾಗಿ ಬಾಗಿತ್ತು, ಜಾಯಿಂಟಿನ ಗುರುತು ಮಾತ್ರ ಇರಲಿಲ್ಲ. ನಾನು ಬೇಕೆಂದೇ ಹಾಕಿರಲಿಲ್ಲ.

ಸಿರುಗುಪ್ಪದ ನೆಲ ಎರೆ, ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದೆ. ಅದರೊಳಗೆ ಹೂತದ್ದೆಲ್ಲ ವರ್ಷಕ್ಕೆರಡು ಸಲ ಹೊರಳಾಡುತ್ತದೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ.

ಮುಂಗಾರು ಶುರುವಾದಾಗ ನಾನು ಕುರುಗೋಡಿನಲ್ಲಿ ಒಂದು ಕಲ್ಯಾಣ ಮಂಟಪದ ಕೆಲಸ ಹಿಡಿದಿದ್ದೆ. ಅಲ್ಲಿನದು ಗರಸು ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಒಂದು ಮಧ್ಯಾಹ್ನ ಸಾವ್ಕಾರರು ಬೇರೇನೋ ಕೇಳಲು ಫೋನು ಮಾಡಿದವರು ಮಾತಿನ ನಡುವೆ ಖುಷಿಯಿಂದ ಒಂದು ಸುದ್ದಿ ಹೇಳಿದರು. "ನಮ್ಮ ಹುತ್ತದ ನಾಗಪ್ಪ ಜಾಗೃತ ಆಗ್ಯಾನಪ್ಪಾ. ಬರಿಗಾಲಾಗ ನಿಂತ್ರ ಅಂಗಾಲಿಗೆ ಜುಂ ಅಂತೈತಂತ. ಈ ಸಲ ಪಂಚಮಿಗೆ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಇಲ್ಲೇ ಬರ್ತಾರ ಹಾಲೆರಿಯಾಕ."

ನಾನು ಹೌದೇನ್ರಿ ಎಂದು ನಕ್ಕೆ. ಕರೆಂಟಿನ ಕೆಲಸದವನಿಗೆ ಜುಂ ಎನ್ನುವ ಶಬ್ದ ಕೇಳಿಸಿದರೆ ದೇವರು ನೆನಪಾಗುವುದಿಲ್ಲ. ಆದರೂ ನಾನು ಎಂಥ ಮನುಷ್ಯ ನೋಡಿ: ಅಂದೇ ಹೋಗಲಿಲ್ಲ. ಹೆಂಗಸರ ಭಕ್ತಿ, ಒಬ್ಬಳಿಗೆ ಅನ್ನಿಸಿದ್ದು ಹತ್ತು ಜನಕ್ಕೆ ಅನ್ನಿಸುತ್ತದೆ ಎಂದುಕೊಂಡೆ. ಮಂಟಪದ ಕೆಲಸ ಮುಗಿಯಲಿ ಎಂದುಕೊಂಡೆ. ರಾತ್ರಿ ಊಟ ಸೇರುತ್ತಿರಲಿಲ್ಲ, ಹೆಂಡತಿ ಏನಾಯಿತು ಎಂದರೆ ಅವಳ ಮೇಲೆಯೇ ಹರಿಹಾಯುತ್ತಿದ್ದೆ. ಹೀಗೆ ಎರಡು ವಾರ ಕಳೆದೆ. ಆ ಎರಡು ವಾರವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಪಂಚಮಿಗೆ ನಾಲ್ಕು ದಿನ ಇದ್ದಾಗ ಹೆಂಡತಿ ತವರಿಗೆ ಹೊರಟಳು. ಅವಳ ತವರು ಬಾದನಹಟ್ಟಿ. ಕೊಬ್ಬರಿ ತರಲು ನನ್ನನ್ನು ಬ್ರೂಸ್‌ಪೇಟೆಗೆ ಕಳಿಸಿದಳು. ಅಂಗಡಿಯವನು ಕೊಬ್ಬರಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿ ನನ್ನ ಕೈಗೆ ಕೊಟ್ಟ. ಅವುಗಳನ್ನು ಹಿಡಿದಾಗ, ಹೋದ ವರ್ಷ ಹೆಂಡತಿ ಬಾದನಹಟ್ಟಿಯ ಹುತ್ತದ ಮುಂದೆ ನಿಂತಿದ್ದದ್ದು ಕಣ್ಣಿಗೆ ಕಟ್ಟಿತು. ಒದ್ದೆ ಮಣ್ಣಿನಲ್ಲಿ ಬರಿಗಾಲು, ಒದ್ದೆ ಸೀರೆಯ ಅಂಚು, ಕೈಯಲ್ಲಿ ಕೊಬ್ಬರಿ ಬಟ್ಟಲು. ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲೆರೆದು, ಕೊನೆಗೆ ನನ್ನ ಪಾಲನ್ನೂ ಎರೆದಿದ್ದಳು. ಸಿರುಗುಪ್ಪದಲ್ಲಿಯೂ ಹಾಗೆಯೇ ನಿಲ್ಲುತ್ತಾರೆ. ಹಾಲು, ಬೆಲ್ಲದ ನೀರು ಎಲ್ಲ ಇಳಿದು ಹೋಗುವುದು ನೇರ ನನ್ನ ಟೇಪು ಸುತ್ತಿದ ಗಂಟಿಗೆ. ಆ ಇಕ್ಕಟ್ಟಿನ ಬಜಾರಿನಲ್ಲಿ ನಾನು ಕಂಬ ಹಿಡಿದು ನಿಂತುಬಿಟ್ಟೆ. ಯಾರೋ ಆಟೋದವನು ಬೈದು ಹೋದ.

ಅಲ್ಲಿಂದಲೇ ಸಾವ್ಕಾರರಿಗೆ ಫೋನು ಹಚ್ಚಿದೆ. ಮೊದಲು ಆಗಲೂ ನನ್ನ ಬಾಯಿಗೆ ನಿಜ ಬರಲಿಲ್ಲ. ಹೊಸ ಶೆಡ್ಡಿನ ಲೈನು ಬಂದ್ ಮಾಡಿರಿ, ಒಂದಿಷ್ಟು ಟೆಸ್ಟಿಂಗ್ ಇದೆ ಎಂದೆ. ಲಾರಿ ತುಂಬಬೇಕು, ಹಬ್ಬ ಮುಗಿಯಲಿ, ಆಮೇಲೆ ಏನಾದರೂ ಮಾಡಿಕೋ ಎಂದು ಅವರು ಫೋನು ಇಡಲು ಹೊರಟರು.

"ಸಾವ್ಕಾರ್ರೇ, ಇಡಬ್ಯಾಡ್ರಿ," ಎಂದೆ. "ಹುತ್ತದ ಬುಡದಾಗ ನಾ ಕೇಬಲ್ ಜಾಯಿಂಟ್ ಮಾಡಿ ಹುಗದೀನಿ. ನಿಮಗ ಹೇಳಿದ್ದಿಲ್ಲ. ಹೆಣ್ಮಕ್ಕಳ ಕಾಲಿಗೆ ಜುಂ ಅನ್ನಾದು ಅದೇ ರೀ, ನಾಗಪ್ಪ ಅಲ್ಲ."

ಆ ಕಡೆಯಿಂದ ಮಿಷನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಅವರು ಎದ್ದು ಹೋಗಿ ತಾವೇ ಸ್ವಿಚ್ ತೆಗೆದಿದ್ದರು. ಮತ್ತೆ ಫೋನಿಗೆ ಬಂದವರು ಪೂರಾ ತೆಲುಗಿನಲ್ಲೇ ಮಾತಾಡಿದರು. ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ಉಸ್ತಾದರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಮೆಗ್ಗರ್ ತಂದು ಚೀಲಕ್ಕೆ ಹಾಕಿಕೊಂಡರು. ಹೊಸ ಕೇಬಲನ್ನು ಅವರೇ ಮಾರು ಹಾಕಿ ಅಳೆದರು. ಕೊನೆಗೆ ಮೂರು ಮಾರು ಸೇರಿಸುವಾಗ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಮರುದಿನ ಸಿರುಗುಪ್ಪದಲ್ಲಿ ಆಳುಗಳು ಕಾಲುವೆಯನ್ನೆಲ್ಲ ತೆಗೆದರು, ಹುತ್ತದ ಹತ್ತಿರ ಬಂದಾಗ ನಿಂತರು. ಹಬ್ಬ ಮುಂದಿಟ್ಟುಕೊಂಡು ಅಲ್ಲಿ ಹಾರೆ ಹಾಕಲು ಯಾರೂ ಒಪ್ಪಲಿಲ್ಲ. ನಾನೇ ಇಳಿದೆ. ಗುದ್ದಲಿ ಬೇಡವೆಂದು ಕೈಯಲ್ಲೇ ಮಣ್ಣು ತೆಗೆದೆ, ಎರೆ ಉಗುರಿನ ಸಂದಿಗೆಲ್ಲ ಹೊಕ್ಕಿತು. ಇಟ್ಟಿಗೆಗಳು ಒಂದು ಕಡೆಗೆ ಸರಿದಿದ್ದವು. ನೆಲ ಗಂಟನ್ನು ಹಿಡಿದು ಎಳೆದಿತ್ತು, ಟೇಪು ಬಾಯಿ ಬಿಟ್ಟು ಒಳಗಿನ ತಂತಿ ಹಸಿ ಮಣ್ಣಿಗೆ ತಾಗಿತ್ತು. ಸುತ್ತಲಿನ ಮಣ್ಣು ಸುಟ್ಟು ಗಟ್ಟಿಯಾಗಿತ್ತು. ಉಸ್ತಾದರು ಆ ಗಂಟನ್ನು ಎರಡೂ ಕಡೆ ಕತ್ತರಿಸಿ ನನ್ನ ಕೈಗೆ ಕೊಟ್ಟರು. "ಇದನ್ನ ಒಗಿಬ್ಯಾಡ. ಮನ್ಯಾಗ ಲೈಸೆನ್ಸ್ ಇಟ್ಟಿಯಲ್ಲಾ, ಅದರ ಬಾಜೂ ಇಡು," ಎಂದರು.

ಅಷ್ಟು ಹೊತ್ತಿಗೆ ಮುದುಕಿ ಬಂದಳು. ಹುತ್ತದ ಸುತ್ತ ಹಗ್ಗ ಕಟ್ಟಿದ್ದನ್ನು ನೋಡಿ ಆಚೆಯೇ ನಿಂತು, ತಾನು ದಿನಾ ಬೆಳಿಗ್ಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಹಗ್ಗ ಬಿಚ್ಚು ಎಂದಳು. ಯಾಕೆ ಎಂದು ಕೇಳಿದೆ. ಕಾಲಿಗೆ ಜೀವ ಬರುತ್ತಿದೆ ಎಂದಳು. ಎಷ್ಟೋ ವರ್ಷದಿಂದ ಏನೂ ತಿಳಿಯದ ಅಂಗಾಲು ಇಲ್ಲಿ ನಿಂತರೆ ಮಾತ್ರ ಜುಂ ಎನ್ನುತ್ತದಂತೆ. ಒಂದು ತಿಂಗಳಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಮಳೆ ಬಿದ್ದ ದಿನ ಹೆಚ್ಚು ಚೆನ್ನಾಗಿ ತಿಳಿಯುತ್ತದೆ, ಅದಕ್ಕೇ ಆ ದಿನ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೇನೆ ಎಂದಳು.

ನನ್ನ ಕೈಯಲ್ಲಿ ಆ ಸುಟ್ಟ ಗಂಟು ಇತ್ತು. ಕಾಲುವೆಯೊಳಗೆ ಕುಕ್ಕರಿಸಿ ಕೂತವನಿಗೆ ಅವಳ ಪಾದಗಳು ಕಣ್ಣಿನ ಸಮಕ್ಕೇ ಇದ್ದವು. ಸುಳ್ಳು ಹೇಳುವ ಸಾಮರ್ಥ್ಯ ಅಲ್ಲಿಗೆ ಮುಗಿದಿತ್ತು. ಅದು ನಾಗಪ್ಪನಲ್ಲ, ನನ್ನ ತಪ್ಪು ಎಂದೆ. ತಂತಿ ಬಿಚ್ಚಿ ನೆಲಕ್ಕೆ ಕರೆಂಟು ಸೋರುತ್ತಿತ್ತು, ಇನ್ನೊಂದು ದೊಡ್ಡ ಮಳೆ ಬಿದ್ದಿದ್ದರೆ ನೀನು ಉಳಿಯುತ್ತಿರಲಿಲ್ಲ ಎಂದೂ ಹೇಳಿದೆ. ಬೈಯಲಿ, ಕಸಬರಿಗೆಯಿಂದ ಹೊಡೆಯಲಿ ಎಂದು ತಲೆ ತಗ್ಗಿಸಿ ಕಾದೆ.

ಅವಳು ತನ್ನ ಪಾದಗಳನ್ನು ನೋಡಿಕೊಂಡಳು. "ಹಂಗಾದ್ರ ನನ್ನ ಕಾಲು ಇನ್ನಾ ಸತ್ತಾವ ಅನ್ನು," ಎಂದಳು. ತಿರುಗಿ ಗುಡಿಸಲು ಹೋದಳು. ನಾನು ಕಾಲುವೆಯಲ್ಲೇ ಕೂತು ಅತ್ತೆ. ಉಸ್ತಾದರು ಆ ಕಡೆ ತಿರುಗಿ ಪೈಪು ಜೋಡಿಸುತ್ತಿದ್ದರು.

ಎರಡು ದಿನದಲ್ಲಿ ಹೊಸ ಕೇಬಲ್ ಎಲ್ಲಿಯೂ ಗಂಟಿಲ್ಲದೆ ಈ ತುದಿಯಿಂದ ಆ ತುದಿಗೆ ಮಲಗಿತು. ಎರಡೂ ಗುಂಡಿಯಲ್ಲಿ ಸುರುಳಿ ಬಿಟ್ಟೆವು. ಸೋರಿಕೆ ಹಿಡಿಯುವ ಸ್ವಿಚ್ಚನ್ನೂ ಹಾಕಿದೆವು. ಮೆಗ್ಗರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿತು. ನಕ್ಷೆಯನ್ನು ಹೊಸದಾಗಿ ಬರೆದು ಸಾವ್ಕಾರರ ಕೈಗೆ ಕೊಟ್ಟೆ. ಇನ್ನು ಮುಂದೆ ಈ ಮಿಲ್ಲಿಗೆ ಬರಬೇಡ, ಪಂಚಮಿ ದಿನ ಮಾತ್ರ ಒಮ್ಮೆ ಬಂದು ಹೆಂಗಸರ ಎದುರು ನಿಂತು ಹೋಗು ಎಂದರು.

ಪಂಚಮಿ ಬೆಳಿಗ್ಗೆ ಸಣ್ಣಗೆ ಜಿನುಗುತ್ತಿತ್ತು. ಹೆಂಗಸರು ಹಾಲಿನ ತಂಬಿಗೆ, ಕೊಬ್ಬರಿ ಬಟ್ಟಲು ಹಿಡಿದು ಕಣದ ಸಿಮೆಂಟಿನ ಮೇಲೇ ಗುಂಪಾಗಿ ನಿಂತಿದ್ದರು, ಒಬ್ಬರೂ ಮಣ್ಣಿಗೆ ಇಳಿಯಲಿಲ್ಲ. ಕರೆಂಟಿನ ಸುದ್ದಿ ಊರೆಲ್ಲ ಹಬ್ಬಿತ್ತು. ಬುಡ ಅಗೆದು ನಾಗಪ್ಪನನ್ನು ಸಿಟ್ಟಿಗೆಬ್ಬಿಸಿದ್ದಾನೆ ಎನ್ನುವವರೂ ಇದ್ದರು. ಲೈನು ಬಂದ್ ಇದೆ, ನೀವು ಎರೆದು ಹೋಗುವವರೆಗೆ ಹಾಕುವುದಿಲ್ಲ, ಹೆದರಬೇಡಿ ಎಂದು ಹೇಳಿದೆ. ಯಾರೂ ನನ್ನ ಮಾತಿಗೆ ಬೆಲೆ ಕೊಡಲಿಲ್ಲ. ಕೊಡಬೇಕೆಂದು ಕೇಳುವ ಮುಖವೂ ನನಗಿರಲಿಲ್ಲ.

ಗುಂಪಿನೊಳಗಿಂದ ಮುದುಕಿ ಮುಂದೆ ಬಂದಳು. "ಲೈನ್ ಹಾಕ್ಸು," ಎಂದಳು. "ಹಾಕ್ಸಿ, ಬೂಟು ಬಿಚ್ಚಿ ನೀ ಮೊದಲ ನಿಂದ್ರು."

ನಾನು ಸಾವ್ಕಾರರಿಗೆ ಕೈ ಮಾಡಿದೆ. ಶೆಡ್ಡಿನಲ್ಲಿ ಮಿಷನ್ ಗುಂಯ್ ಎಂದಿತು. ಬೂಟು, ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟೆ. ಮೆಗ್ಗರ್ ಸರಿ ಎಂದಿದ್ದನ್ನು ನನ್ನ ಕಣ್ಣಾರೆ ನೋಡಿದ್ದೆ, ಆದರೂ ಮೊದಲು ಹೆಬ್ಬೆರಳಷ್ಟನ್ನೇ ಮಣ್ಣಿಗೆ ತಾಗಿಸಿ ನೋಡಿದೆ. ಹುತ್ತದ ಬುಡಕ್ಕೆ, ಸರಿಯಾಗಿ ಆ ಗಂಟು ಇದ್ದ ಜಾಗದ ಮೇಲೆ ಹೋಗಿ ನಿಂತೆ. ಎರೆ ತಣ್ಣಗೆ ಬೆರಳ ಸಂದಿಯಲ್ಲಿ ಏರಿತು. ಮುದುಕಿ ತಂಬಿಗೆಯ ಹಾಲನ್ನು ಹುತ್ತದ ಮೇಲೆ ಎರೆದಳು, ಅದು ಇಳಿದು ಬಂದು ನನ್ನ ಪಾದ ಸುತ್ತಿಕೊಂಡಿತು. ಆಮೇಲೆ ಅವಳೂ ಬಂದು ನನ್ನ ಪಕ್ಕದಲ್ಲಿ ಬರಿಗಾಲು ಊರಿ, ಕಣ್ಣು ಮುಚ್ಚಿ ನಿಂತಳು.

"ಏನರ ಆಗ್ತೈತೇನು?" ಎಂದು ಕೇಳಿದಳು.

"ಇಲ್ಲವ್ವಾ," ಎಂದೆ.

"ನನಗೂ ಏನೂ ಆಗವಲ್ದು," ಎಂದಳು. ಹಾಗೆಂದು ಕಣ್ಣು ತೆರೆದು, ಕಣದ ಮೇಲಿದ್ದ ಹೆಂಗಸರನ್ನು ಕೈ ಬೀಸಿ ಕರೆದಳು.